ಮರ ಮಣ್ಣಾಗುವ ಬಗೆ

ಮಲೆನಾಡಿನ ಕಾಡಿನಲ್ಲಿ ಬಿರುಗಾಳಿಗೆ ಸಿಕ್ಕಿ ಒಂದು ಹೆಮ್ಮರ ಉರುಳಿತೆಂದು ಭಾವಿಸೋಣ. ಅದನ್ನು ಯಾರೂ ಕಡಿದು ಸಾಗಿಸದಿದ್ದರೆ ಮೊದಲ ವರ್ಷವೇ ಎಲೆಗಳೆಲ್ಲ ಉದುರಿ ನೆಲದ ಪಾಲಾಗುವುವು. ಎರಡು ಮೂರು ಮಳೆಗಾಲಗಳು ಕಳೆಯುವಷ್ಟರಲ್ಲಿ ತೊಗಟೆ ಸಡಿಲವಾಗುವುದು. ಅದರ ಮೇಲೆ ಬೀಸಣಿಗೆಯ ಆಕಾರದ ಅಣಬೆಗಳು ಸಾಲುಸಾಲಾಗಿ ಏಳುವುವು. ಕೆಲವು ದಶಕಗಳ ತರುವಾಯ ಅಲ್ಲಿ ಮರವೊಂದು ಬಿದ್ದಿತ್ತೆಂಬುದಕ್ಕೆ ಕುರುಹಾಗಿ ಕರಿಯ ಮಣ್ಣಿನ ಸಣ್ಣ ದಿಬ್ಬವೊಂದು ಉಳಿದೀತು. ಕೊಡಲಿಯ ಬಾಯನ್ನೇ ಮೊಂಡುಮಾಡುವಂತಿದ್ದ ಮರ, ಹಿಸುಕಿದರೆ ನೀರು ಒಸರುವಷ್ಟು ಮೆತ್ತಗಾಗಿ, ಕಡೆಗೆ ಇಲ್ಲವೇ ಆಗುವುದು.

ಇದು ಎಲ್ಲರೂ ಕಂಡ ಸಂಗತಿ. ಆದುದರಿಂದಲೇ ಇದರಲ್ಲಿ ಆಶ್ಚರ್ಯಪಡುವಂಥದು ಏನೋ ಇದೆಯೆಂದು ನಮಗೆ ತೋರುವುದಿಲ್ಲ. ಆದರೆ ಕಾಗದದ ಕಾರ್ಖಾನೆಯವರು ಮರದಿಂದ ನಾರನ್ನು ಬಿಡಿಸಿಕೊಳ್ಳಲು ಪಡುವ ಪಾಡನ್ನು ನೋಡಿರಿ. ಅವರು ಮರದ ಚಕ್ಕೆಗಳನ್ನು ಉಕ್ಕಿನ ಹಂಡೆಗಳಲ್ಲಿ ತುಂಬಿ, ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡುಗಳ ತೀಕ್ಷ್ಣವಾದ ದ್ರಾವಣವನ್ನು ಎರೆದು, ಹೆಚ್ಚಿನ ಒತ್ತಡದಲ್ಲಿ, ಸುಮಾರು ೧೭೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಉಗುರು ತಾಗಿದರೆ ಮುರಿಯುವ ಅಣಬೆಯಾದರೋ ಆ ಕೆಲಸವನ್ನೇ ಬೆಂಕಿಯಿಲ್ಲದೆ, ಹಂಡೆಯಿಲ್ಲದೆ, ಮಳೆಗಾಲದ ತಣ್ಣನೆಯ ಕಾಡಿನಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುವುದು. ಇದು ಹೇಗೆ ಸಾಧ್ಯ? ಈ ಪ್ರಶ್ನೆಯನ್ನು ಶಾಸ್ತ್ರಜ್ಞರು ನೂರು ವರ್ಷಗಳಿಗೂ ಹೆಚ್ಚು ಕಾಲ ಕೇಳಿಕೊಂಡರು. ಉತ್ತರದ ಮುಖ್ಯಭಾಗ ದೊರೆತದ್ದು ೧೯೮೩ರಲ್ಲಿ. ಆ ಉತ್ತರವೇನೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮರವೆಂಬ ಕಟ್ಟಡ

ಮೊದಲು ಮರವೆಂದರೇನೆಂಬುದನ್ನು ತಿಳಿಯಬೇಕು. ಮರದ ತೆಳುವಾದ ಒಂದು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಜೇನುಗೂಡಿನಂತೆ ಒತ್ತೊತ್ತಾಗಿ ನಿಂತ ಸಣ್ಣ ಸಣ್ಣ ಕೊಳವೆಗಳು ಕಾಣುವುವು. ಇವೇ ಮರದ ಕೋಶಗಳು. ಇವುಗಳಲ್ಲಿ ಬಹುಪಾಲು ಸತ್ತು, ಒಳಗೆ ಬರಿದಾಗಿ, ಗೋಡೆಗಳಷ್ಟೇ ಉಳಿದಿರುವುವು. ನಾವು ಮರವೆಂದು ಕರೆಯುವ ವಸ್ತು ಈ ಕೋಶಭಿತ್ತಿಗಳ ರಾಶಿಯೇ.

ಕೋಶಭಿತ್ತಿಯಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ. ಒಣಗಿದ ಮರದ ತೂಕದಲ್ಲಿ ನೂರಕ್ಕೆ ೪೦ರಿಂದ ೫೦ ಭಾಗ ಸೆಲ್ಯುಲೋಸು, ೨೦ರಿಂದ ೩೦ ಭಾಗ ಹೆಮಿಸೆಲ್ಯುಲೋಸು, ಹೆಚ್ಚುಕಡಮೆ ಅಷ್ಟೇ ಭಾಗ ಲಿಗ್ನಿನ್. ಸೆಲ್ಯುಲೋಸೆಂದರೆ ಗ್ಲೂಕೋಸ್ ಸಕ್ಕರೆಯ ಸಾವಿರಾರು ಅಣುಗಳನ್ನು ಮಣಿಗಳಂತೆ ಪೋಣಿಸಿದ ಉದ್ದನೆಯ ಸರ. ಇಂಥ ಸರಗಳು ಒಂದರ ಪಕ್ಕದಲ್ಲೊಂದು ಬಿಗಿಯಾಗಿ ಕೂಡಿ ಎಳೆಗಳಾಗುವುವು. ಹೆಮಿಸೆಲ್ಯುಲೋಸು ಕೂಡ ಸಕ್ಕರೆಗಳ ಸರವೇ. ಆದರೆ ಬೇರೆ ಬೇರೆ ಸಕ್ಕರೆಗಳಿಂದಾದದ್ದು, ಗಿಡ್ಡನೆಯದು, ಅಲ್ಲಲ್ಲಿ ಕವಲೊಡೆದದ್ದು. ಇವೆರಡರ ನಡುವಣ ಸಂದುಗಳಲ್ಲೆಲ್ಲ ತುಂಬಿಕೊಂಡು ಗಟ್ಟಿಯಾಗಿರುವುದು ಲಿಗ್ನಿನ್. ಸಿಮೆಂಟಿನ ಕಂಬದಲ್ಲಿ ಕಬ್ಬಿಣದ ಸಲಾಕೆಗಳನ್ನು ಗಾರೆ ಹೇಗೆ ಹಿಡಿದು ನಿಲ್ಲಿಸುವುದೋ ಹಾಗೆಯೇ ಸೆಲ್ಯುಲೋಸಿನ ಎಳೆಗಳನ್ನು ಲಿಗ್ನಿನ್ ಹಿಡಿದು ನಿಲ್ಲಿಸಿರುವುದು. ನೂರಡಿ ಎತ್ತರದ ಮರ ಗಾಳಿಗೆ ಬಾಗಿಯೂ ಮುರಿಯದೆ ನಿಲ್ಲುವುದು ಈ ಕೂಟದ ಬಲದಿಂದ.

ಲಿಗ್ನಿನ್ ಎಂಬ ಹೆಸರನ್ನು ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಡಿ ಕಾಂದೋಲ್ ೧೮೧೩ರಲ್ಲಿ ಬಳಕೆಗೆ ತಂದನು. ಲ್ಯಾಟಿನ್ ಭಾಷೆಯಲ್ಲಿ ಮರಕ್ಕಿರುವ ಪದದಿಂದ ಬಂದ ಹೆಸರಿದು. ೧೮೩೮ರಲ್ಲಿ ಫ್ರಾನ್ಸಿನ ಆನ್‌ಸೆಲ್ಮ್ ಪಾಯೆನ್ ಮರವನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ, ಮರವು ಒಂದೇ ವಸ್ತುವಲ್ಲ, ಬಿಳಿಯ ನಾರೂ ಅದನ್ನು ಆವರಿಸಿದ ಬೇರೊಂದು ವಸ್ತುವೂ ಅದರಲ್ಲಿವೆಯೆಂದು ತೋರಿಸಿದನು. ಆ ನಾರಿಗೆ ಸೆಲ್ಯುಲೋಸ್ ಎಂಬ ಹೆಸರನ್ನಿತ್ತವನೂ ಅವನೇ.

ಬೀಗವುಂಟು, ಕೀಲಿಯಿಲ್ಲ

ಸೆಲ್ಯುಲೋಸು ಸಕ್ಕರೆಯ ಸರವಾದ ಮೇಲೆ, ಮರವೆಂಬುದು ಸಕ್ಕರೆಯ ದೊಡ್ಡ ಉಗ್ರಾಣವೇ ಸರಿ. ಆದರೆ ಅದರ ಬಾಗಿಲಿಗೆ ಬೀಗ ಬಿದ್ದಿದೆ. ಲಿಗ್ನಿನ್ನೇ ಆ ಬೀಗ.

ಜೀವಿಗಳು ತಮ್ಮ ಆಹಾರವನ್ನು ಒಡೆಯುವುದು ಕಿಣ್ವಗಳ ಮೂಲಕ. ನಮ್ಮ ಬಾಯಿಯ ಜೊಲ್ಲಿನಲ್ಲಿರುವ ಕಿಣ್ವ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಎಲ್ಲರಿಗೂ ತಿಳಿದ ಉದಾಹರಣೆ. ಕಿಣ್ವಕ್ಕೂ ಅದು ಒಡೆಯುವ ಪದಾರ್ಥಕ್ಕೂ ಇರುವ ಸಂಬಂಧವನ್ನು ೧೮೯೪ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ ಬೀಗ ಮತ್ತು ಕೀಲಿಗಳ ಸಂಬಂಧಕ್ಕೆ ಹೋಲಿಸಿದನು. ಕೀಲಿಯ ಹಲ್ಲು ಬೀಗದ ಕಂಡಿಗೆ ಹೊಂದಿದರೆ ಮಾತ್ರ ಬೀಗ ತೆರೆಯುವುದು. ಅಣುವಿನ ಆಕಾರ ಕಿಣ್ವದ ಆಕಾರಕ್ಕೆ ಹೊಂದಿದರೆ ಮಾತ್ರ ಕೆಲಸ ನಡೆಯುವುದು.

ಸೆಲ್ಯುಲೋಸಿನ ಮಟ್ಟಿಗೆ ಈ ಹೋಲಿಕೆ ಸರಿಯಾಗಿದೆ. ಅಲ್ಲಿ ಮಣಿಗಳೆಲ್ಲ ಒಂದೇ ಬಗೆ, ಅವುಗಳ ನಡುವಣ ಕೊಂಡಿಗಳೂ ಒಂದೇ ಬಗೆ. ಆದುದರಿಂದ ಶಿಲೀಂಧ್ರಗಳು ಅದಕ್ಕೆ ತಕ್ಕ ಕಿಣ್ವಗಳ ತಂಡವೊಂದನ್ನು ಇಟ್ಟುಕೊಂಡಿವೆ. ಒಂದು ಸರವನ್ನು ನಡುನಡುವೆ ತುಂಡರಿಸುವುದು. ಇನ್ನೊಂದು ತುದಿಯಿಂದ ಎರಡೆರಡು ಮಣಿಗಳನ್ನು ಕಿತ್ತುಕೊಳ್ಳುವುದು. ಮೂರನೆಯದು ಆ ಜೋಡಿಗಳನ್ನು ಬಿಡಿಸಿ ಗ್ಲೂಕೋಸ್ ಮಾಡುವುದು. ಬಿಗಿಯಾಗಿ ಹೆಣೆದ ಎಳೆಗಳಲ್ಲಿ ಮೊದಲ ಬಿರುಕನ್ನು ಮಾಡಿಕೊಡುವ, ತಾಮ್ರವನ್ನು ಒಳಗೊಂಡ ಮತ್ತೊಂದು ಬಗೆಯ ಕಿಣ್ವಗಳ ಕೆಲಸವು ೨೦೧೦ರಿಂದೀಚೆಗೆ ಬೆಳಕಿಗೆ ಬಂದಿದೆ.

ಲಿಗ್ನಿನ್ನಿನ ರೀತಿಯೇ ಬೇರೆ. ಆರು ಇಂಗಾಲದ ಪರಮಾಣುಗಳ ಬಳೆಯೊಂದು, ಅದಕ್ಕೆ ಮೂರು ಇಂಗಾಲಗಳ ಬಾಲವೊಂದು — ಇದು ಅದರ ಮೂಲಘಟಕ. ಇಂಥ ಘಟಕಗಳಲ್ಲಿ ಮುಖ್ಯವಾದ ಮೂರು ಬಗೆಗಳುಂಟು. ಮರವು ಲಿಗ್ನಿನ್ನನ್ನು ಕಟ್ಟುವಾಗ ಇವುಗಳಿಂದ ಒಂದೊಂದು ಇಲೆಕ್ಟ್ರಾನನ್ನು ಕಿತ್ತುಬಿಡುವುದು. ಹಾಗೆ ಒಂಟಿ ಇಲೆಕ್ಟ್ರಾನು ಉಳಿದ ಘಟಕಗಳು ಚಂಚಲವಾಗಿ, ಹತ್ತಿರ ಸಿಕ್ಕಿದ ಮತ್ತೊಂದಕ್ಕೆ, ಸಿಕ್ಕಿದ ಜಾಗದಲ್ಲಿ ಅಂಟಿಕೊಳ್ಳುವುವು. ಹೀಗೆ ಬೆಳೆದ ಅಣುವಿಗೆ ಗೊತ್ತಾದ ಮಾದರಿಯೆಂಬುದಿಲ್ಲ. ಅದರಲ್ಲಿ ಹಲವು ಬಗೆಯ ಕೊಂಡಿಗಳಿವೆ; ನೀರನ್ನು ಸೇರಿಸಿ ಸುಲಭವಾಗಿ ಬಿಡಿಸಬಹುದಾದ ಕೊಂಡಿಗಳಂತೂ ಅಪರೂಪ. ಪಿಷ್ಟವನ್ನಾಗಲಿ ಸೆಲ್ಯುಲೋಸನ್ನಾಗಲಿ ಒಡೆಯುವ ಕಿಣ್ವಗಳೆಲ್ಲ ನೀರಿನ ಸಹಾಯದಿಂದಲೇ ಕೆಲಸ ಮಾಡುವಂಥವು. ಸಾವಿರ ಬಾಗಿಲುಗಳಿಗೆ ಸಾವಿರ ಬಗೆಯ ಬೀಗ ಹಾಕಿದಂತಾಯಿತು. ಇಷ್ಟೊಂದು ಕೀಲಿಗಳನ್ನು ಯಾವ ಜೀವಿ ತಾನೆ ಮಾಡಿಸಿಟ್ಟೀತು?

ಕುಂಬಿನ ಮೂರು ಬಗೆಗಳು

ಮರ ಕೊಳೆತು ಹಾಳಾಗುವುದನ್ನು ನಮ್ಮ ಜನರು ಕುಂಬು ಹಿಡಿಯುವುದೆಂದೂ ಲಡ್ಡಾಗುವುದೆಂದೂ ಹೇಳುವರು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ವಿದ್ವಾಂಸರಲ್ಲಿಯೂ ಹಲವರು, ಮರ ತಾನಾಗಿ ಕೊಳೆಯುವುದು, ಕೊಳೆತ ಮೇಲೆ ಅದರಿಂದ ಅಣಬೆ ಹುಟ್ಟುವುದು, ಎಂದು ತಿಳಿದಿದ್ದರು. ಜರ್ಮನಿಯ ಅರಣ್ಯಶಾಸ್ತ್ರಜ್ಞ ರಾಬರ್ಟ್ ಹಾರ್ಟಿಗ್ ೧೮೭೪ ಮತ್ತು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ ಈ ಎಣಿಕೆಯನ್ನು ತಿರುವುಮುರುವು ಮಾಡಿದನು. ಕೊಳೆತ ಮರದೊಳಗೆ ಹರಡಿರುವ ಸೂಕ್ಷ್ಮವಾದ ಎಳೆಗಳೂ ಹೊರಗೆ ಕಾಣುವ ಅಣಬೆಯೂ ಒಂದೇ ಜೀವಿಯ ಭಾಗಗಳು; ಆ ಎಳೆಗಳೇ ಕೊಳೆತಕ್ಕೆ ಕಾರಣ; ಬೇರೆ ಬೇರೆ ಶಿಲೀಂಧ್ರಗಳು ಮರವನ್ನು ಬೇರೆ ಬೇರೆ ರೀತಿಯಲ್ಲಿ ಕೊಳೆಸುವುವು — ಇವು ಅವನು ಸ್ಥಾಪಿಸಿದ ಸಂಗತಿಗಳು. ನಮ್ಮ ಕಣ್ಣಿಗೆ ಬೀಳುವ ಅಣಬೆಯು ಹಣ್ಣಿನಂತೆ. ಮರದೊಳಗಿನ ಎಳೆಗಳ ಬಲೆಯೇ ನಿಜವಾದ ಗಿಡ ಎನ್ನಬಹುದು.

ಕುಂಬಿನಲ್ಲಿ ಮೂರು ಬಗೆಗಳನ್ನು ಎಣಿಸುವರು. ಮೊದಲನೆಯದು ಬಿಳಿ ಕುಂಬು. ಇದರಲ್ಲಿ ಲಿಗ್ನಿನ್ ಕರಗಿ ಹೋಗುವುದರಿಂದ ಉಳಿದ ಮರ ಬೆಳ್ಳಗೆ, ನಾರುನಾರಾಗಿ ಇರುವುದು. ಎರಡನೆಯದು ಕಂದು ಕುಂಬು. ಇದರಲ್ಲಿ ಸೆಲ್ಯುಲೋಸು ಹೋಗಿ ಲಿಗ್ನಿನ್ ಬಹುಮಟ್ಟಿಗೆ ಉಳಿಯುವುದು. ಮರ ಕಂದುಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯ ಕೆಸರಿನಂತೆ ಚೌಕ ಚೌಕವಾಗಿ ಬಿರಿಯುವುದು. ಮೂರನೆಯದು ಮೃದು ಕುಂಬು. ಸದಾ ಒದ್ದೆಯಾಗಿರುವ ಮರದ ಮೇಲ್ಭಾಗದಲ್ಲಿ ಕಾಣುವ ಇದಕ್ಕೆ ಆ ಹೆಸರು ಬಂದದ್ದು ೧೯೫೪ರಲ್ಲಿ. ಸೂಚಿಪರ್ಣ ಮರಗಳನ್ನು ಹೆಚ್ಚಾಗಿ ಕಂದು ಕುಂಬೂ, ಅಗಲ ಎಲೆಯ ಮರಗಳನ್ನು ಹೆಚ್ಚಾಗಿ ಬಿಳಿ ಕುಂಬೂ ಹಿಡಿಯುವುವು. ಆದುದರಿಂದ ನಮ್ಮ ಪಶ್ಚಿಮಘಟ್ಟದಂಥ ಕಾಡುಗಳಲ್ಲಿ ಬಿಳಿ ಕುಂಬಿನದೇ ಮೇಲುಗೈ.

ಲಿಗ್ನಿನ್ನೆಂಬ ಬೀಗವನ್ನು ಪೂರ್ಣವಾಗಿ ತೆರೆಯಬಲ್ಲವು ಬಿಳಿ ಕುಂಬಿನ ಶಿಲೀಂಧ್ರಗಳೇ. ಕೆಲವು ಬ್ಯಾಕ್ಟೀರಿಯಗಳು ಲಿಗ್ನಿನ್ನನ್ನು ಅಷ್ಟಿಷ್ಟು ಮಾರ್ಪಡಿಸಬಲ್ಲವಾದರೂ, ಅದನ್ನು ಇಂಗಾಲದ ಡೈಆಕ್ಸೈಡು ಮತ್ತು ನೀರಿನವರೆಗೆ ಒಡೆಯುವುದರಲ್ಲಿ ಇವುಗಳಿಗೆ ಸಮನಾದ ಜೀವಿಗಳಿಲ್ಲ.

ಬೆಂಕಿಯಿಲ್ಲದ ದಹನ

ಈ ಶಿಲೀಂಧ್ರಗಳ ಗುಟ್ಟಿನ ಮೊದಲ ಎಳೆ ಸಿಕ್ಕಿದ್ದು ಜಪಾನಿನ ಒಂದು ಮರದಲ್ಲಿ. ಅಲ್ಲಿನ ಕುಶಲಕರ್ಮಿಗಳು ಪೆಟ್ಟಿಗೆ ಬಟ್ಟಲುಗಳಿಗೆ ಮೆರುಗು ಕೊಡಲು ಒಂದು ಮರದ ಹಾಲನ್ನು ಬಳಿಯುವರು. ಗಾಳಿ ತಾಗಿದೊಡನೆ ಅದು ಕಪ್ಪಾಗಿ ಗಟ್ಟಿಯಾಗುವುದು. ಇದಕ್ಕೆ ಆ ಹಾಲಿನಲ್ಲಿರುವ ಕಿಣ್ವವೊಂದು ಕಾರಣವೆಂದು ೧೮೮೩ರಲ್ಲಿ ಹಿಕೊರೊಕುರೊ ಯೋಶಿದ ಕಂಡುಹಿಡಿದನು. ಫ್ರಾನ್ಸಿನ ಗ್ಯಾಬ್ರಿಯೆಲ್ ಬರ್ಟ್ರಾಂಡ್ ಅದಕ್ಕೆ ಲ್ಯಾಕೇಸ್ ಎಂದು ಹೆಸರಿಟ್ಟನು. ಸ್ವಲ್ಪ ಕಾಲದಲ್ಲೇ ಅಂಥ ಕಿಣ್ವ ಅಣಬೆಗಳಲ್ಲಿಯೂ ಇರುವುದು ಗೊತ್ತಾಯಿತು. ಲ್ಯಾಕೇಸಿನಲ್ಲಿ ತಾಮ್ರದ ನಾಲ್ಕು ಪರಮಾಣುಗಳಿವೆ. ಅದು ಲಿಗ್ನಿನ್ನಿನ ಕೆಲವು ಘಟಕಗಳಿಂದ ಒಂದೊಂದಾಗಿ ಇಲೆಕ್ಟ್ರಾನುಗಳನ್ನು ಎತ್ತಿ, ನಾಲ್ಕು ಕೂಡಿದ ಮೇಲೆ ಗಾಳಿಯ ಆಮ್ಲಜನಕಕ್ಕೆ ಕೊಟ್ಟು ನೀರನ್ನು ಮಾಡುವುದು. ಆದರೆ ಲಿಗ್ನಿನ್ನಿನ ಬಹುಭಾಗದಿಂದ ಇಲೆಕ್ಟ್ರಾನನ್ನು ಕೀಳುವಷ್ಟು ಬಲ ಲ್ಯಾಕೇಸಿಗೆ ತಾನೊಂದೇ ಇದ್ದರೆ ಸಾಲದು. ಇನ್ನೂ ಬಲವಾದದ್ದೊಂದು ಇರಲೇಬೇಕಾಗಿತ್ತು.

ಅದು ಸಿಕ್ಕಿದ್ದು ೧೯೮೩ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ಮಿಂಗ್ ಟಿಯೆನ್ ಮತ್ತು ಕೆಂಟ್ ಕರ್ಕ್ ಎಂಬುವರು ಫೆನೆರೊಕೀಟಿ ಕ್ರೈಸೊಸ್ಪೋರಿಯಂ ಎಂಬ ಬಿಳಿ ಕುಂಬಿನ ಶಿಲೀಂಧ್ರದಿಂದ ಒಂದು ಕಿಣ್ವವನ್ನು ಬೇರ್ಪಡಿಸಿದರು. ಆರಿಗಾನಿನಲ್ಲಿ ಮೈಕೇಲ್ ಗೋಲ್ಡ್ ಅವರ ತಂಡ ಅದೇ ವರ್ಷ ಸ್ವತಂತ್ರವಾಗಿ ಅದೇ ಕಿಣ್ವವನ್ನು ಕಂಡಿತು. ಇದೇ ಲಿಗ್ನಿನ್ ಪೆರಾಕ್ಸಿಡೇಸ್. ಮರುವರ್ಷ ಮ್ಯಾಂಗನೀಸ್ ಪೆರಾಕ್ಸಿಡೇಸ್ ಎಂಬ ಇದರ ಸೋದರ ಕಿಣ್ವದ ವರದಿ ಬಂದಿತು.

ಲಿಗ್ನಿನ್ ಪೆರಾಕ್ಸಿಡೇಸಿನ ನಡುವೆ ಕಬ್ಬಿಣವನ್ನು ಹೊತ್ತ ಹೀಮ್ ಎಂಬ ಭಾಗವಿದೆ. ನಮ್ಮ ರಕ್ತಕ್ಕೆ ಕೆಂಪುಬಣ್ಣ ಕೊಡುವುದೂ ಹೀಮೇ. ಶಿಲೀಂಧ್ರವು ಬೇರೆ ಕೆಲವು ಕಿಣ್ವಗಳ ಮೂಲಕ ಹೈಡ್ರೊಜನ್ ಪೆರಾಕ್ಸೈಡನ್ನು ಅಲ್ಪಸ್ವಲ್ಪವಾಗಿ ತಯಾರಿಸುತ್ತ ಇರುವುದು. ಗಾಯ ತೊಳೆಯಲು ವೈದ್ಯರು ಬಳಸುತ್ತಿದ್ದ, ನೊರೆಯೇಳುವ ದ್ರವವೇ ಇದು. ಪೆರಾಕ್ಸೈಡು ಹೀಮಿನಿಂದ ಎರಡು ಇಲೆಕ್ಟ್ರಾನುಗಳನ್ನು ಕಸಿದುಕೊಳ್ಳುವುದು. ಸಾಲಗಾರನಾದ ಕಿಣ್ವ ಆ ಎರಡನ್ನೂ ಒಂದೊಂದಾಗಿ ಲಿಗ್ನಿನ್ನಿನ ಬಳೆಗಳಿಂದ ವಸೂಲುಮಾಡಿ ಮತ್ತೆ ಮೊದಲಿನ ಸ್ಥಿತಿಗೆ ಬರುವುದು. ಹೀಮ್ ಕಿಣ್ವದ ಒಳಗೆ ಹುದುಗಿರುವುದರಿಂದ ಲಿಗ್ನಿನ್ನಿನಂಥ ದೊಡ್ಡ ಅಣು ಅದನ್ನು ಮುಟ್ಟಲಾರದು. ಆದುದರಿಂದ ಕಿಣ್ವದ ಮೈಮೇಲಿರುವ ಟ್ರಿಪ್ಟೋಫಾನ್ ಎಂಬ ಭಾಗವೊಂದು ಹೊರಗೆ ಇಲೆಕ್ಟ್ರಾನನ್ನು ತೆಗೆದುಕೊಂಡು ಒಳಕ್ಕೆ ದಾಟಿಸುವುದು.

ಇಲೆಕ್ಟ್ರಾನನ್ನು ಕಳೆದುಕೊಂಡ ಲಿಗ್ನಿನ್ನಿನ ಗತಿಯೇನು? ಕಿಣ್ವ ಅದನ್ನು ಕತ್ತರಿಸುವುದೇ ಇಲ್ಲ. ಸಮತೋಲ ತಪ್ಪಿದ ಘಟಕ ತಾನಾಗಿಯೇ ಬಿರುಕುಬಿಡುವುದು. ಇಂಗಾಲ ಇಂಗಾಲಗಳ ನಡುವಣ ಗಟ್ಟಿ ಕೊಂಡಿಯೂ ಕಳಚುವುದು. ಯಾವ ಕೊಂಡಿ ಎಲ್ಲಿ ಮುರಿಯಬೇಕೆಂಬುದನ್ನು ಕಿಣ್ವ ಗೊತ್ತುಮಾಡುವುದಿಲ್ಲ. ಮ್ಯಾಂಗನೀಸ್ ಪೆರಾಕ್ಸಿಡೇಸಂತೂ ಲಿಗ್ನಿನ್ನನ್ನು ಮುಟ್ಟುವ ಗೋಜಿಗೇ ಹೋಗದು. ಅದು ಮರದಲ್ಲಿರುವ ಮ್ಯಾಂಗನೀಸಿನಿಂದ ಒಂದು ಇಲೆಕ್ಟ್ರಾನನ್ನು ತೆಗೆದು ಕಳಿಸಿಬಿಡುವುದು. ಆ ಮ್ಯಾಂಗನೀಸು ಶಿಲೀಂಧ್ರವೇ ಒಸರಿಸಿದ ಆಕ್ಸಾಲಿಕ್ ಆಮ್ಲದ ಆಸರೆ ಹಿಡಿದು, ಕಿಣ್ವ ನುಗ್ಗಲಾರದ ಸಂದುಗೊಂದುಗಳಿಗೆ ಹೋಗಿ ತನ್ನ ಕೊರತೆಯನ್ನು ಲಿಗ್ನಿನ್ನಿನಿಂದ ತುಂಬಿಕೊಳ್ಳುವುದು.

ಫಿಷರನ ಹೋಲಿಕೆ ಇಲ್ಲಿ ನಿಲ್ಲದೆಂಬುದು ವಾಚಕರಿಗೆ ಹೊಳೆದಿರಬಹುದು. ಸಾವಿರ ಬೀಗಗಳಿಗೆ ಸಾವಿರ ಕೀಲಿಗಳನ್ನು ಮಾಡುವ ಬದಲು ಶಿಲೀಂಧ್ರ ಬಾಗಿಲನ್ನೇ ಸುಡುವ ದಾರಿ ಹಿಡಿದಿದೆ. ಸುಡುವುದೆಂದರೂ ಸಲ್ಲುವುದು; ಒಲೆಯಲ್ಲಿ ಸೌದೆ ಉರಿಯುವಾಗಲೂ ಮರದ ಇಲೆಕ್ಟ್ರಾನುಗಳು ಆಮ್ಲಜನಕಕ್ಕೆ ಸೇರುವುವು, ಇಲ್ಲಿಯೂ ಸೇರುವುವು. ವ್ಯತ್ಯಾಸವೆಂದರೆ ಒಲೆಯಲ್ಲಿ ಗಂಟೆಯಲ್ಲಿ ನಡೆಯುವ ಕೆಲಸ ಇಲ್ಲಿ ಒಂದೊಂದೇ ಇಲೆಕ್ಟ್ರಾನಿನಂತೆ ವರ್ಷಗಟ್ಟಲೆ ನಡೆಯುವುದು. ಮರ ಲಿಗ್ನಿನ್ನನ್ನು ಕಟ್ಟುವಾಗಲೂ ಇಲೆಕ್ಟ್ರಾನುಗಳನ್ನು ಕೀಳುವುದೆಂದು ಹೇಳಿದೆವಷ್ಟೆ. ಆ ಕೆಲಸ ಮಾಡುವ ಕಿಣ್ವಗಳೂ ಲ್ಯಾಕೇಸು ಪೆರಾಕ್ಸಿಡೇಸುಗಳೇ! ಕಟ್ಟುವವನ ಕೈಯಲ್ಲೂ ಕೆಡಹುವವನ ಕೈಯಲ್ಲೂ ಒಂದೇ ಜಾತಿಯ ಹತಾರವಿದೆ.

ಹಸಿವಿನಲ್ಲಿ ಮಾಡುವ ಕೆಲಸ

ಇಷ್ಟು ಶ್ರಮಪಟ್ಟು ಲಿಗ್ನಿನ್ನನ್ನು ಒಡೆಯುವ ಶಿಲೀಂಧ್ರಕ್ಕೆ ಅದರಿಂದ ಹೊಟ್ಟೆ ತುಂಬುವುದೇ? ಇಲ್ಲವೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಲಿಗ್ನಿನ್ನೊಂದನ್ನೇ ಆಹಾರವಾಗಿಟ್ಟರೆ ಫೆನೆರೊಕೀಟಿ ಬೆಳೆಯುವುದಿಲ್ಲ. ಜೊತೆಗೆ ಸಕ್ಕರೆಯೋ ಸೆಲ್ಯುಲೋಸೋ ಇರಬೇಕು. ಲಿಗ್ನಿನ್ನನ್ನು ತೆಗೆಯುವುದು ಅದರ ಹಿಂದಿರುವ ಸಕ್ಕರೆಯನ್ನು ತಲುಪಲಿಕ್ಕಾಗಿಯೇ.

ಈ ಕಿಣ್ವಗಳನ್ನು ಯಾವಾಗ ಹೊರಕ್ಕೆ ಬಿಡಬೇಕೆಂಬುದನ್ನು ಶಿಲೀಂಧ್ರ ತಿಳಿಯುವ ಬಗೆಯೂ ಸೋಜಿಗವೇ. ಲಿಗ್ನಿನ್ ಕಂಡಾಗ ಅದು ಕಿಣ್ವವನ್ನು ಒಸರಿಸುವುದೆಂದು ನಾವು ಊಹಿಸಬಹುದು. ೧೯೭೮ರಲ್ಲಿ ಕರ್ಕ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆ: ಲಿಗ್ನಿನ್ ಇಲ್ಲದಿದ್ದರೂ, ಸಾರಜನಕ ತೀರಿಹೋದಾಗ ಫೆನೆರೊಕೀಟಿ ಈ ಕಾರ್ಯಕ್ಕೆ ಸಜ್ಜಾಗುವುದು. ಮರದಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ. ಒಂದು ಪಾಲು ಸಾರಜನಕಕ್ಕೆ ಇಂಗಾಲ ನೂರಾರು ಪಾಲಿರುವುದು. ಆದುದರಿಂದ ಮರದಲ್ಲಿ ಬಾಳುವ ಜೀವಿಗೆ ಸಾರಜನಕದ ಹಸಿವು ನಿತ್ಯದ ಸಂಗತಿ. ಆ ಹಸಿವೇ ಅದಕ್ಕೆ ತಾನು ಮರದೊಳಗೆ ಇರುವೆನೆಂಬ ಸೂಚನೆಯಾಗಿರುವಂತಿದೆ.

ಕಂದು ಕುಂಬಿನ ಅಡ್ಡದಾರಿ

ಕಂದು ಕುಂಬಿನ ಶಿಲೀಂಧ್ರಗಳು ಮತ್ತೊಂದು ಉಪಾಯ ಹೂಡಿವೆ. ೧೮೯೪ರಲ್ಲಿ ಇಂಗ್ಲೆಂಡಿನ ಹೆನ್ರಿ ಫೆಂಟನ್, ಹುಣಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲಕ್ಕೆ ತುಸು ಕಬ್ಬಿಣದ ಲವಣವನ್ನೂ ಹೈಡ್ರೊಜನ್ ಪೆರಾಕ್ಸೈಡನ್ನೂ ಸೇರಿಸಿದರೆ ಅದು ಬೇಗನೆ ಉತ್ಕರ್ಷಣ ಹೊಂದುವುದೆಂದು ವರದಿಮಾಡಿದನು. ಕಬ್ಬಿಣ ಮತ್ತು ಪೆರಾಕ್ಸೈಡು ಕೂಡಿದಾಗ ಹೈಡ್ರಾಕ್ಸಿಲ್ ಎಂಬ ಅತ್ಯುಗ್ರ ತುಣುಕು ಹುಟ್ಟುವುದೆಂಬುದು ಮುಂದೆ ತಿಳಿಯಿತು. ಇದರ ಆಯುಸ್ಸು ಕ್ಷಣದ ಸಾವಿರದಲ್ಲೊಂದು ಪಾಲೂ ಇಲ್ಲ. ಹುಟ್ಟಿದ ಜಾಗದಲ್ಲೇ ಪಕ್ಕದಲ್ಲಿದ್ದುದನ್ನು ಸೀಳಿ ಮುಗಿದುಹೋಗುವುದು. ಕಂದು ಕುಂಬಿನ ಶಿಲೀಂಧ್ರವು ಸಣ್ಣ ಸಣ್ಣ ಅಣುಗಳನ್ನು ಕೋಶಭಿತ್ತಿಯೊಳಕ್ಕೆ ಕಳಿಸಿ, ತನ್ನ ಎಳೆಯಿಂದ ದೂರದಲ್ಲಿ, ಸೆಲ್ಯುಲೋಸಿನ ಬಳಿಯಲ್ಲಿಯೇ ಈ ತುಣುಕುಗಳು ಹುಟ್ಟುವಂತೆ ಮಾಡುವುದು. ಲಿಗ್ನಿನ್ನನ್ನು ಪೂರ್ತಿ ತೆಗೆಯದೆ, ಗಾರೆಯನ್ನು ತುಸು ಸಡಿಲಿಸಿ ಸಲಾಕೆಗಳನ್ನು ಕದ್ದಂತೆ ಇದು.

ಇದರ ಪರಿಣಾಮ ಮನೆಕಟ್ಟುವವರಿಗೆ ಅಪಾಯಕರ. ತೊಲೆಯ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಕಡಮೆಯಾಗುವುದಕ್ಕೆ ಮೊದಲೇ ಅದರ ಬಲದಲ್ಲಿ ಬಹುಪಾಲು ನಷ್ಟವಾಗಿರಬಹುದು. ಹೊರಗೆ ಗಟ್ಟಿಯಾಗಿ ಕಾಣುವ ತೊಲೆ ಹೊರೆ ಬಿದ್ದಾಗ ಥಟ್ಟನೆ ಮುರಿಯುವುದು. ಯುರೋಪಿನ ಮನೆಗಳ ಪಾಲಿಗೆ ಪೀಡೆಯಾದ ಸರ್ಪುಲ ಲ್ಯಾಕ್ರಿಮನ್ಸ್ ಈ ವರ್ಗದ್ದು. ಇದು ಹಿಮಾಲಯದ ಕಾಡುಗಳಲ್ಲಿಯೂ ಕಾಡುಜೀವಿಯಾಗಿ ಬಾಳುತ್ತಿದೆ. ಈ ಶಿಲೀಂಧ್ರಗಳ ವಂಶವಾಹಿಗಳನ್ನು ಓದಿದಾಗ ಇವುಗಳ ಪೂರ್ವಜರು ಬಿಳಿ ಕುಂಬಿನವರೇ ಎಂದು ತಿಳಿದಿದೆ. ದುಬಾರಿಯಾದ ಪೆರಾಕ್ಸಿಡೇಸುಗಳನ್ನು ಬಿಟ್ಟುಕೊಟ್ಟು ಅಗ್ಗದ ದಾರಿ ಹಿಡಿದ ವಂಶಗಳಿವು.

ಬೇಲಿಯ ಗೂಟ ಕಲಿಸುವ ಪಾಠ

ಬೇಲಿಯ ಗೂಟ ನೆಲದ ಮಟ್ಟದಲ್ಲಿಯೇ ಮೊದಲು ಕುಂಬಾಗುವುದನ್ನು ರೈತರೆಲ್ಲ ಬಲ್ಲರು. ಮೇಲಿನ ಭಾಗವೂ ಆಳದ ತುದಿಯೂ ಗಟ್ಟಿಯಾಗಿದ್ದು, ನಡುವೆ ಮಾತ್ರ ಏಕೆ ಕೊಳೆಯಬೇಕು? ಇಲ್ಲಿಯವರೆಗೆ ಹೇಳಿದುದರಿಂದ ಉತ್ತರ ಸುಲಭ. ಕಿಣ್ವಗಳು ಚಲಿಸಲು ನೀರು ಬೇಕು. ದಹನ ನಡೆಯಲು ಆಮ್ಲಜನಕ ಬೇಕು. ಮೇಲೆ ಗಾಳಿಯುಂಟು, ತೇವವಿಲ್ಲ. ಆಳದಲ್ಲಿ ತೇವವುಂಟು, ಗಾಳಿ ಸಾಲದು. ನೆಲಮಟ್ಟದಲ್ಲಿ ಎರಡೂ ಉಂಟು. ವೆನಿಸ್ ನಗರದ ಕಟ್ಟಡಗಳನ್ನು ಹೊತ್ತ ಮರದ ಗೂಟಗಳು ನೀರಿನ ಕೆಳಗೆ ಕೆಸರಿನಲ್ಲಿ ಶತಮಾನಗಳ ಕಾಲ ಉಳಿದಿರುವುದಕ್ಕೂ ಆಮ್ಲಜನಕದ ಕೊರತೆಯೇ ಮುಖ್ಯ ಕಾರಣ.

ಮರದಲ್ಲಿ ಅದರ ಒಣತೂಕದ ನೂರಕ್ಕೆ ೨೦ ಭಾಗಕ್ಕಿಂತ ಕಡಮೆ ನೀರಿದ್ದರೆ ಶಿಲೀಂಧ್ರಗಳು ಬೆಳೆಯಲಾರವು. ಮಲೆನಾಡು ಕರಾವಳಿಗಳ ಹಳೆಯ ಮನೆಗಳಲ್ಲಿ ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿರುವುದನ್ನೂ, ಮಾಡಿನ ಅಂಚನ್ನು ಗೋಡೆಯಿಂದ ದೂರಕ್ಕೆ ಚಾಚಿರುವುದನ್ನೂ ನೋಡಬಹುದು. ಕಿಣ್ವದ ಹೆಸರನ್ನು ಅರಿಯದಿದ್ದರೂ ಆ ಬಡಗಿಗಳು ಕಿಣ್ವಕ್ಕೆ ನೀರು ಸಿಕ್ಕದಂತೆ ಮಾಡಿದ್ದರು. ಸಾಗುವಾನಿಯ ಚೇಗು ಬಾಳಿಕೆ ಬರುವುದಕ್ಕೆ ಮತ್ತೊಂದು ಕಾರಣವಿದೆ. ಟೆಕ್ಟೊಕ್ವಿನೋನ್ ಮೊದಲಾದ ಕಹಿ ರಾಸಾಯನಿಕಗಳನ್ನು ಮರ ತನ್ನ ಚೇಗಿನಲ್ಲಿ ತುಂಬಿಟ್ಟಿರುವುದು. ಅದೇ ಮರದ ಹೊರಸುತ್ತಿನ ಬಿಳಿಯ ಭಾಗದಲ್ಲಿ ಈ ರಕ್ಷಣೆಯಿಲ್ಲ. ಅದು ಬೇಗನೆ ಹಾಳಾಗುವುದು. ರಕ್ಷಣೆಯಿಲ್ಲದ ಮರಕ್ಕೆ ಹೊರಗಿನಿಂದ ವಿಷವನ್ನು ತುಂಬುವ ಒಂದು ಪ್ರಸಿದ್ಧ ವಿಧಾನವನ್ನು ೧೯೩೩ರಲ್ಲಿ ದೆಹರಾದೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಕಂಡುಹಿಡಿದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಈ ಮಿಶ್ರಣ ಲೋಕದಲ್ಲೆಲ್ಲ ಹರಡಿತು. ಆದರೆ ಆರ್ಸೆನಿಕ್ ಮನುಷ್ಯರಿಗೂ ವಿಷವಾದುದರಿಂದ, ಅಮೆರಿಕದ ತಯಾರಕರು ೨೦೦೩ರ ಕೊನೆಗೆ ವಾಸದ ಮನೆಗಳ ಬಹುಪಾಲು ಬಳಕೆಗಳಿಗೆ ಅದನ್ನು ನಿಲ್ಲಿಸಿದರು. ತೇವವನ್ನು ದೂರವಿಡುವ ಹಳೆಯ ಉಪಾಯದಲ್ಲಿ ಈ ತೊಡಕಿಲ್ಲ.

ಭೂಮಿಯ ಲೆಕ್ಕಪತ್ರ

ಮನೆಯ ತೊಲೆಯನ್ನು ಕಾಯುವ ಅವಸರದಲ್ಲಿ ನಾವು ಶಿಲೀಂಧ್ರವನ್ನು ಬರಿಯ ಶತ್ರುವೆಂದು ಬಗೆಯಬಾರದು. ಮರವು ಗಾಳಿಯಿಂದ ಇಂಗಾಲವನ್ನು ಎತ್ತಿ ತನ್ನ ಮೈಯಲ್ಲಿ ಕೂಡಿಡುವುದು. ಸತ್ತ ಮರ ಕೊಳೆಯದೆ ಉಳಿದರೆ ಆ ಇಂಗಾಲವೂ, ಅದರೊಡನೆ ಸುಣ್ಣ, ಪೊಟಾಷ್, ರಂಜಕಗಳೂ ಅಲ್ಲಿಯೇ ಸೆರೆಯಾಗುವುವು. ಮುಂದಿನ ಸಸಿಗೆ ಉಣ್ಣಲು ಏನೂ ಉಳಿಯದು.

೨೦೧೨ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ೩೧ ಶಿಲೀಂಧ್ರಗಳ ವಂಶವಾಹಿಗಳನ್ನು ಹೋಲಿಸಿ, ಲಿಗ್ನಿನ್ನನ್ನು ಒಡೆಯುವ ಪೆರಾಕ್ಸಿಡೇಸುಗಳು ಹುಟ್ಟಿದ್ದು ಸುಮಾರು ೩೦ ಕೋಟಿ ವರ್ಷಗಳ ಹಿಂದೆ, ಕಲ್ಲಿದ್ದಲಿನ ಮಹಾಯುಗ ಮುಗಿಯುವ ಹ���ತ್ತಿಗೆ, ಎಂದು ಲೆಕ್ಕಹಾಕಿದರು. ಅಂದಿನವರೆಗೆ ಮರವನ್ನು ಕೊಳೆಸುವವರಿಲ್ಲದ್ದರಿಂದಲೇ ಅಷ್ಟು ಕಲ್ಲಿದ್ದಲು ಕೂಡಿಬಿತ್ತೆ? ಕೆಲವರು ಹೌದೆಂದರು. ೨೦೧೬ರಲ್ಲಿ ಬೇರೆ ಕೆಲವರು ಇದನ್ನು ಆಕ್ಷೇಪಿಸಿ, ಅಂದಿನ ಜೌಗುಗಾಡುಗಳ ಅನೇಕ ಸಸ್ಯಗಳಲ್ಲಿ ಲಿಗ್ನಿನ್ ಕಡಮೆಯೇ ಇತ್ತು. ಇಳಿಯುತ್ತಿದ್ದ ನೆಲವೂ ಬಿಡದ ಮಳೆಯೂ ಕಲ್ಲಿದ್ದಲಿಗೆ ಕಾರಣ, ಎಂದು ವಾದಿಸಿದರು. ಈ ಚರ್ಚೆ ಹೇಗೇ ಮುಗಿಯಲಿ, ಇಂದಿನ ಲೆಕ್ಕ ಸ್ಪಷ್ಟವಾಗಿದೆ. ಆರು ಖಂಡಗಳ ೫೫ ಕಾಡುಗಳಲ್ಲಿ ನಡೆಸಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸತ್ತ ಮರಗಳು ಕೊಳೆಯುವುದರಿಂದ ವರ್ಷಕ್ಕೆ ಸುಮಾರು ೧,೦೯೦ ಕೋಟಿ ಟನ್ ಇಂಗಾಲ ಬಿಡುಗಡೆಯಾಗುವುದು. ಮನುಷ್ಯರು ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು ಬಿಡುವ ಇಂಗಾಲಕ್ಕೆ ಇದು ಹೆಚ್ಚುಕಡಮೆ ಸಮ. ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಾಡು ಬಿಟ್ಟುದರಲ್ಲಿ ಒಂದು ಭಾಗ ಮಣ್ಣಿನ ಸಾರವಾಗಿ ನಿಲ್ಲುವುದು, ಉಳಿದುದನ್ನು ಬೆಳೆಯುವ ಕಾಡು ಮರಳಿ ಹೀರುವುದು. ಗಣಿಯಿಂದ ತೆಗೆದು ಸುಟ್ಟ ಇಂಗಾಲಕ್ಕಾದರೋ ಹಾಗೆ ಕಾದು ನಿಂತ ಕಾಡಿಲ್ಲ.

ಬೀಗ ತೆರೆಯುವವನ ಉಪಕಾರ

ಚಿಲಿ ದೇಶದ ದಕ್ಷಿಣದ ಮಳೆಗಾಡುಗಳಲ್ಲಿ ಬಿಳಿ ಕುಂಬು ಹಿಡಿದ ಕೆಲವು ಮರದ ದಿಮ್ಮಿಗಳನ್ನು ದನಗಳಿಗೆ ಮೇವಾಗಿ ಬಳಸುವ ರೂಢಿಯುಂಟು; ಜನರು ಅದನ್ನು ಪಾಲೊ ಪೊದ್ರಿದೊ, ಎಂದರೆ ಕೊಳೆತ ಮರ, ಎಂದು ಕರೆಯುವರು. ಶಿಲೀಂಧ್ರ ಲಿಗ್ನಿನ್ನನ್ನು ತೆಗೆದುಬಿಟ್ಟರೆ ಮರವೂ ಮೇವಾಗುವುದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಸುವವರು ಕೂಡ ಬಿಳಿ ಕುಂಬಿನ ಶಿಲೀಂಧ್ರವನ್ನೇ ಸಾಕುತ್ತಿರುವರು. ದನ ಪೂರ್ತಿ ಅರಗಿಸಿಕೊಳ್ಳಲಾರದ ಹುಲ್ಲಿನಿಂದ ಅದು ಊಟಕ್ಕೆ ಒದಗುವ ಪದಾರ್ಥವನ್ನು ಮಾಡಿಕೊಡುವುದು.

ಗುರಿಯಿಟ್ಟು ಕತ್ತರಿಸದೆ ಸಿಕ್ಕಿದ್ದನ್ನು ಸುಡುವ ಕಿಣ್ವವಾದುದರಿಂದ ಇದರ ಉಪಯೋಗ ಮರಕ್ಕಷ್ಟೇ ಸೀಮಿತವಲ್ಲ. ೧೯೮೫ರಲ್ಲಿ ಫೆನೆರೊಕೀಟಿಯು ಡಿ.ಡಿ.ಟಿ., ಲಿಂಡೇನ್ ಮೊದಲಾದ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷಗಳನ್ನೂ ಒಡೆಯಬಲ್ಲದೆಂದು ತೋರಿಸಲಾಯಿತು. ಬಟ್ಟೆಯ ಕಾರ್ಖಾನೆಗಳಲ್ಲಿ ನೀಲಿ ಬಣ್ಣವನ್ನು ತಿಳಿಗೊಳಿಸಲು ಲ್ಯಾಕೇಸನ್ನು ಬಳಸುವರು. ಕಾಗದಕ್ಕಾಗಿ ಮರವನ್ನು ಬೇಯಿಸುವ ಮೊದಲು ಶಿಲೀಂಧ್ರದಿಂದ ಮೆದುಗೊಳಿಸಿದರೆ ಅರೆಯುವ ಶ್ರಮ ಕಡಮೆಯಾಗುವುದೆಂದೂ ಪ್ರಯೋಗಗಳು ತೋರಿಸಿವೆ. ಆದರೆ ಶಿಲೀಂಧ್ರಕ್ಕೆ ವಾರಗಳು ಬೇಕು, ಕಾರ್ಖಾನೆಗೆ ಗಂಟೆಗಳಲ್ಲಿ ಕೆಲಸ ಮುಗಿಯಬೇಕು. ಈ ಅಂತರವೇ ಇನ್ನೂ ದೊಡ್ಡ ಅಡ್ಡಿಯಾಗಿದೆ.

ಮುಂದಿನ ಮಳೆಗಾಲದಲ್ಲಿ ಹಿತ್ತಿಲಿನ ಸೌದೆಯ ರಾಶಿಯನ್ನೋ ತೋಟದ ಮೂಲೆಯ ಕೊರಡನ್ನೋ ವಾಚಕರು ಒಮ್ಮೆ ಪರೀಕ್ಷಿಸಿ ನೋಡಬಹುದು. ಬೆಳ್ಳಗೆ, ನಾರಾಗಿ ಎಳೆಎಳೆಯಾಗಿ ಬಿಡಿಸಿ ಬಂದರೆ ಅಲ್ಲಿ ಲಿಗ್ನಿನ್ ಸುಟ್ಟುಹೋಗಿದೆ. ಕಂದಾಗಿ, ಚೌಕವಾಗಿ ಬಿರಿದು, ಬೆರಳಿಗೆ ಪುಡಿಯಾದರೆ ಲಿಗ್ನಿನ್ ಉಳಿದು ಸೆಲ್ಯುಲೋಸು ಹೋಗಿದೆ. ಅಂಥ ಗುರುತು ಮನೆಯ ತೊಲೆಯಲ್ಲಿ ಕಂಡರೆ ತಡಮಾಡದೆ ಬಡಗಿಯನ್ನು ಕರೆಯಿಸಿ, ನೀರು ಎಲ್ಲಿಂದ ಬರುತ್ತಿದೆಯೆಂಬುದನ್ನು ಹುಡುಕಬೇಕು. ಕಾಡಿನ ಕೊರಡಿನಲ್ಲಿ ಕಂಡರೆ ಅದನ್ನು ಇದ್ದಲ್ಲಿಯೇ ಬಿಡುವುದು ಲೇಸು. ಅಲ್ಲಿ ನಾಳಿನ ಸಸಿಗೆ ಗೊಬ್ಬರ ಸಿದ್ಧವಾಗುತ್ತಿದೆ.